ಫ್ಲೋರಿಯನ್ನನ ಕಾರಿನ ಗೇರ್‌ಬಾಕ್ಸ್

ಟೊಲೀಡೊ, ಒಹಾಯೊ
5 ಅಕ್ಟೋಬರ್ 2003

ಮಗಳೇ ಮಾರ್ಸೆಲ್ಲಾ,

ನೀನು ಹೇಗಿದ್ದೀಯ? ನಿನ್ನ ಗಂಡ ವರ್ಲಿನ್‌ನ ಮಂಡಿನೋವು ಇಳಿಯಿತೇ? ನಿಮ್ಮ ಟೆಸ್ ಪುಟ್ಟಿ ಕನ್ನಡಕ ಹಾಕಿಕೊಳ್ಳಲು ಒಪ್ಪಿದಳೋ, ಇಲ್ಲ ಇನ್ನೂ ಶಾಲೆಯ ಚೀಲದಲ್ಲಿ ಬಚ್ಚಿಡುತ್ತಾಳೋ? ನನ್ನದು ಹೇಗೋ ನಡೆದಿದೆ. ಎಡಗಿವಿ ಪೂರ್ತಿ ಹೋಯಿತು. ಮೂವತ್ತೊಂದು ವರ್ಷ ಗೇರ್‌ಬಾಕ್ಸ್ ಕಾರ್ಖಾನೆಯಲ್ಲಿ ಅನ್ನ ತಿಂದವನು ಒಂದು ಕಿವಿ ಕೊಟ್ಟರೆ ಅಗ್ಗವೇ ಅನ್ನಬೇಕು. ನಿನ್ನಪ್ಪ ವೃದ್ಧರ ಮನೆಯಲ್ಲಿ ಊಟ ಸರಿಯಾಗಿ ಮಾಡುತ್ತಿದ್ದಾನೆ. ನೀನು ಕೇಳಿಲ್ಲ, ಆದರೂ ಬರೆದಿದ್ದೇನೆ. ಫ್ಲೋರಿಯನ್ ನನಗೆ ಅಣ್ಣನಲ್ಲವೇ.

ನಿನ್ನ ಕಾಗದ ಓದಿದೆ. ಮನೆ ಮಾರುವಾಗ ಅಪ್ಪನ ಐವತ್ತೈದರ ಷೆವರ್ಲೆಯನ್ನು ನೀನು ಲಾರಿ ಮೇಲೆ ಒಮಾಹಾಕ್ಕೆ ತರಿಸಿಕೊಂಡದ್ದು ನನಗೆ ಆಶ್ಚರ್ಯವಾಗಿತ್ತು. ಈಗ ಎಂಜಿನ್ನು ಕೂಗುತ್ತದೆ, ಚಕ್ರ ಮಾತ್ರ ಅಲ್ಲಾಡುವುದಿಲ್ಲ ಅಂದಿದ್ದೀಯ. ಎಂಟು ವರ್ಷ ಒಂದೇ ಕಡೆ ನಿಂತ ಕಾರು. ಗೇರ್‌ಬಾಕ್ಸಿನ ರಬ್ಬರ್ ಸೀಲುಗಳು ಒಣಗಿ ಎಣ್ಣೆ ಇಳಿದುಹೋಗಿರುತ್ತದೆ, ಅಷ್ಟೆ. ಅದಕ್ಕೆ ಬೇರೆ ಗೇರ್‌ಬಾಕ್ಸ್ ಯಾಕೆ?

ಬೇರೆಯದು ಯಾವುದು ಹೊಂದುತ್ತದೆ ಅಂತ ಕೇಳಿದ್ದೀಯ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಹೊಂದಿಸುವುದು ಅಂಗಡಿಯಲ್ಲಿ ಟೋಪಿ ಹಾಕಿ ನೋಡಿದಷ್ಟು ಸುಲಭವಲ್ಲ ಮಗಳೇ. ಅದರ ಮುಖದ ಬೋಲ್ಟಿನ ತೂತುಗಳು ಎಂಜಿನ್ನಿನ ಬೆನ್ನಿಗೆ ಕೂಡಬೇಕು. ಉದ್ದ ಎರಡು ಬೆರಳು ಹೆಚ್ಚಾದರೂ ಹಿಂದಿನ ಚಕ್ರಕ್ಕೆ ಹೋಗುವ ದಂಡವನ್ನು ಕತ್ತರಿಸಬೇಕು. ಐವತ್ತೈದರ ಕಾರಿನಲ್ಲಂತೂ ಎಂಜಿನ್ನಿನ ಹಿಂಭಾಗ ಗೇರ್‌ಬಾಕ್ಸಿನ ಹೆಗಲ ಮೇಲೆಯೇ ಕೂತಿರುತ್ತದೆ. ಹೆಗಲಿಲ್ಲದ ಹೊಸ ಬಾಕ್ಸ್ ತಂದರೆ ಕೆಳಗೊಂದು ಅಡ್ಡತೊಲೆ ಬೆಸೆಯಬೇಕು. ಇಷ್ಟೆಲ್ಲ ಮಾಡಿಯೂ ಕೊನೆಗೆ ಏನೋ ಒಂದು ಬಿಟ್ಟುಹೋಗಿರುತ್ತದೆ.

ಅದಕ್ಕೇ ಹೇಳುತ್ತೇನೆ, ಇರುವುದಕ್ಕೇ ಸೀಲು ಹಾಕಿಸು. ಸ್ಟೀರಿಂಗಿನ ಹತ್ತಿರ ಏನನ್ನೂ ಮುಟ್ಟಬೇಡ ಅಂತ ನಿನ್ನ ಮೆಕ್ಯಾನಿಕ್ ಬ್ರಾಂಟ್‌ಗೆ ಹೇಳು. ಇಲ್ಲವೇ ಮಾರಿಬಿಡು.

ನಿನ್ನ ಪ್ರೀತಿಯ ಚಿಕ್ಕಪ್ಪ,
ಕ್ಲೆಮೆಂಟ್

*

ಒಮಾಹಾ
2 ನವೆಂಬರ್ 2003

ಚಿಕ್ಕಪ್ಪ,

ನೀನು ಹೇಳಿದ ಹಾಗೆ ಎಣ್ಣೆ ಇಳಿದುಹೋಗಿತ್ತು, ಬ್ರಾಂಟ್ ತುಂಬಿದ. ಕಾರು ಅಲ್ಲಾಡಿತು, ಆದರೆ ಕೆಳಗಿಟ್ಟ ಬೋಗುಣಿ ಅರ್ಧ ಗಂಟೆಯಲ್ಲಿ ತುಂಬಿತು. ಆಮೇಲೆ ಅವನು ಕಾರಿನಡಿಯಿಂದ ತಲೆ ಹೊರಗೆ ಹಾಕಿ, "ಯಾರಮ್ಮಾ ಇದನ್ನ ಹಾಕಿದ್ದು? ಒಳ್ಳೆ ಕೈ ಅವನ್ದು. ಆದ್ರೆ ಇದು ಈ ಕಾರಿನ ಜೊತೆ ಹುಟ್ಟಿದ್ದಲ್ಲ" ಅಂದ. ಮೈಮೇಲಿನ ನಂಬರ್ ಪ್ರಕಾರ ಅದು ಎಪ್ಪತ್ತೆರಡನೇ ಇಸವಿಯದು, ಮೂರು ಗೇರಿನದು. ಈ ಕಾರಿಗೆ ಇದ್ದದ್ದು ಎರಡು ಗೇರಿನದಂತೆ.

ಕಾರು ರಿಪೇರಿಗೆ ನಿನ್ನ ಶೆಡ್ಡಿನಲ್ಲಿದ್ದಾಗ ಅಪ್ಪ ಹೇಳಿದ್ದು ನನಗೆ ನೆನಪಿದೆ. ಕ್ಲೆಮ್ ಹಳೆಯದನ್ನೇ ರಿಪೇರಿ ಮಾಡುತ್ತಿದ್ದಾನೆ, ಪರರದ್ದನ್ನು ತನ್ನ ಕಾರಿಗೆ ಹಾಕಿಸಲ್ಲ ಅಂದಿದ್ದ.

ಇನ್ನೊಂದು ವಿಷಯ. ಹದಿನಾರನೇ ವಯಸ್ಸಿನಲ್ಲಿ ಅಮ್ಮ ನನಗೆ ಓಡಿಸಲು ಕಲಿಸಿದ್ದು ಇದೇ ಕಾರಿನಲ್ಲಿ. ಸ್ಟೀರಿಂಗಿನ ಹಿಂದಿನ ಪಟ್ಟಿಯಲ್ಲಿ ಪಿ, ಎನ್, ಡಿ, ಎಲ್, ಆರ್ ಅಂತ ಅಕ್ಷರಗಳು ಸಾಲಾಗಿದ್ದವು, ಲಿವರ್ ಎಳೆದ ಹಾಗೆ ಒಂದು ಮುಳ್ಳು ಅವುಗಳ ಮೇಲೆ ಸರಿಯುತ್ತಿತ್ತು. ಪಾರ್ಕಿನಿಂದ ಒಂದು ಮನೆ ಎಳೆದರೆ ನ್ಯೂಟ್ರಲ್, ಕಾರು ಅಲ್ಲಾಡದು. ರಿವರ್ಸ್ ಕಟ್ಟಕಡೆಗೆ. ಮೊನ್ನೆ ಬ್ರಾಂಟ್‌ನ ಅಂಗಳದಲ್ಲಿ ಎಷ್ಟೋ ವರ್ಷದ ಮೇಲೆ ಅದರಲ್ಲಿ ಕೂತೆ. ಕೈ ತಾನಾಗಿಯೇ ಒಂದು ಮನೆ ಎಳೆಯಿತು. ಕಾರು ಹಿಂದಕ್ಕೆ ಹೊರಟಿತು! ಅವನ ಎಣ್ಣೆ ಡಬ್ಬಿಗಳೆಲ್ಲ ಉರುಳಿದವು. ತಲೆಯೆತ್ತಿ ನೋಡಿದರೆ ಪಟ್ಟಿಯೇ ಬೇರೆ. ಪಿ ಪಕ್ಕದಲ್ಲಿ ಆರ್, ಆಮೇಲೆ ಎನ್.

ಆ ಜನವರಿಯ ಬೆಳಿಗ್ಗೆ ಕಾರು ಹಿಂದಕ್ಕೆ ನುಗ್ಗಿ ಅಮ್ಮನನ್ನು ಗ್ಯಾರೇಜಿನ ಗೋಡೆಗೆ ಒತ್ತಿ ಕೊಂದಾಗ ಅಪ್ಪ ಪೊಲೀಸರಿಗೆ ಹೇಳಿದ್ದು ಒಂದೇ ಮಾತು: "ನ್ಯೂಟ್ರಲ್‌ಗೆ ಹಾಕಿದ್ದೆ, ಮುಳ್ಳು ಎನ್ ಮೇಲೇ ಇತ್ತು." ಪೊಲೀಸರು ನಿನ್ನ ಶೆಡ್ಡಿಗೆ ಬಂದು ಕಾರು ನೋಡಿ, ಮುಳ್ಳು ಎನ್ ಮೇಲಿದ್ದರೆ ಅದು ಹಿಂದೆ ಹೋಗುವುದು ಸಾಧ್ಯವೇ ಇಲ್ಲ ಅಂದರು. ಅವನ ತಪ್ಪನ್ನು ನಾನು ಕ್ಷಮಿಸುತ್ತಿದ್ದೆನೇನೋ. ಆದರೆ ಅಮ್ಮನ ಶವಪೆಟ್ಟಿಗೆಯ ಪಕ್ಕದಲ್ಲಿ ನಿಂತು ತನ್ನನ್ನು ಉಳಿಸಿಕೊಳ್ಳಲು ಸುಳ್ಳು ಹೇಳಿದನಲ್ಲ, ಅದನ್ನು ಕ್ಷಮಿಸಲಾರದೆ ಎಂಟು ವರ್ಷ ಅವನ ಜೊತೆ ಮಾತು ಬಿಟ್ಟೆ. ನಿನಗೇ ಗೊತ್ತಿದೆ.

ಪಟ್ಟಿ ಬದಲಾಯಿಸಿದ್ದು ಯಾವಾಗ ಚಿಕ್ಕಪ್ಪ? ಆ ಬೆಳಿಗ್ಗೆಗೆ ಮುಂಚೆಯೋ, ಆಮೇಲೋ?

ಮಾರ್ಸೆಲ್ಲಾ

*

ಟೊಲೀಡೊ
14 ಡಿಸೆಂಬರ್ 2003

ಮಗಳೇ,

ಕಾಗದ ತಡವಾಯಿತು. ಇಲ್ಲಿ ಸರೋವರದ ಗಾಳಿ ಶುರುವಾಗಿದೆ. ಬೆಳಿಗ್ಗೆ ಬೆರಳು ಮಡಚುವುದೇ ಕಷ್ಟ.

ಬ್ರಾಂಟ್ ಬುದ್ಧಿವಂತನೇ ಇರಬೇಕು. ಹಳೆಯ ಎರಡು ಗೇರಿನದು ಬೇಕೇಬೇಕು ಅಂದರೆ ಬೀಡು ಕಬ್ಬಿಣದ ಮೈಯದೇ ಹುಡುಕಲು ಹೇಳು. ಆಮೇಲೆ ಬಂದ ಅಲ್ಯೂಮಿನಿಯಂ ಮೈಯದು ಹಗುರ, ಆದರೆ ಅದರ ಹೆಗಲು ಬೇರೆ. ತುಂಬ ದಿನ ನಿಂತದ್ದಾದರೆ ತಳದ ತಟ್ಟೆ ಬಿಚ್ಚಿಸಿ ನೋಡಬೇಕು. ಎಣ್ಣೆ ಸುಟ್ಟ ಬ್ರೆಡ್ಡಿನ ವಾಸನೆ ಹೊಡೆದರೆ ಮುಟ್ಟಬೇಡ.

ಕಳೆದ ಭಾನುವಾರ ನಿನ್ನಪ್ಪನನ್ನು ನೋಡಲು ಹೋಗಿದ್ದೆ.

"ಏನೋ ಕಿವುಡ, ಬಂದ್ಯಾ? ಮೀನು ತಂದ್ಯಾ?" ಅಂದ.

"ಇವತ್ತು ಭಾನುವಾರ ಕಣಣ್ಣ. ಮೀನು ಶುಕ್ರವಾರ."

"ನಿಂಗೆ ಶುಕ್ರವಾರ. ಇಲ್ಲಿ ವಾರಪೂರ್ತಿ ಒಂದೇ ಸಾರು. ಅದ್ರಲ್ಲಿ ಮೀನು ಈಜಾಡಿ ಎದ್ದು ಹೋಗಿರತ್ತೆ."

ಪಕ್ಕದ ಹಾಸಿಗೆಯವನೂ ನಕ್ಕ. ಆಮೇಲೆ ನಿನ್ನಪ್ಪ ಕಾರಿನ ವಿಷಯ ಎತ್ತಿದ. "ಮಾರ್ಸೆಲ್ಲಾ ಅದನ್ನ ಏನ್ ಮಾಡ್ತಾಳಂತೆ?" ರಿಪೇರಿ ಮಾಡಿಸುತ್ತಾಳೆ ಅಂದೆ. "ಬೇಡ ಅನ್ನು. ಅದ್ರಲ್ಲಿ ಕೂರ್ಬೇಡ ಅನ್ನು. ನಂಗಾದ ಹಾಗೆ ಅವಳಿಗೂ ಕಣ್ಣು ಮೋಸ ಮಾಡೀತು" ಅಂದ.

ಕ್ರಿಸ್‌ಮಸ್ ರೊಟ್ಟಿಯ ಚೂರು ಇದರ ಜೊತೆಗಿದೆ. ಮುರಿದು ಮೂವರೂ ಹಂಚಿಕೊಳ್ಳಿ.

ಚಿಕ್ಕಪ್ಪ

*

ಒಮಾಹಾ
4 ಜನವರಿ 2004

ಚಿಕ್ಕಪ್ಪ,

ಬೀಡು ಕಬ್ಬಿಣ, ಅಲ್ಯೂಮಿನಿಯಂ, ಸುಟ್ಟ ಬ್ರೆಡ್ಡು, ಎಲ್ಲ ಬರೆದೆ. ನಾನು ಕೇಳಿದ್ದಕ್ಕೆ ಮಾತ್ರ ಉತ್ತರ ಬರೆಯಲಿಲ್ಲ.

ಮುಂಚೆಯೋ, ಆಮೇಲೋ?

ಮಾರ್ಸೆಲ್ಲಾ

*

ಟೊಲೀಡೊ
24 ಫೆಬ್ರವರಿ 2004

ಮಾರ್ಸೆಲ್ಲಾ,

ಇವತ್ತು ಊರೆಲ್ಲ ಬೇಕರಿಗಳ ಮುಂದೆ ಸಾಲು ನಿಂತು ಜಾಮಿನ ಬನ್ನು ಕೊಳ್ಳುತ್ತಿದೆ. ನಾಳೆ ಬೂದಿ ಬುಧವಾರ, ಉಪವಾಸದ ಕಾಲ ಶುರು. ನಾಳೆ ಹಣೆಗೆ ಬೂದಿ ಹಚ್ಚಿಸಿಕೊಳ್ಳುವ ಮುಂಚೆ ಇದನ್ನು ಬರೆದು ಅಂಚೆಗೆ ಹಾಕಲೇಬೇಕು ಅಂತ ಕೂತಿದ್ದೇನೆ. ಮೂರು ಸಲ ಬರೆದು ಹರಿದೆ.

ಆಮೇಲೆ. ಪಟ್ಟಿ ಬದಲಾಯಿಸಿದ್ದು ಆಮೇಲೆ. ನಾನೇ.

ಆ ಚಳಿಗಾಲ ಫ್ಲೋರಿಯನ್ ಕಾರನ್ನು ನನ್ನ ಶೆಡ್ಡಿಗೆ ತಂದಾಗ ಅದರ ಗೇರ್‌ಬಾಕ್ಸಿನ ಮೈ ಸೀಳಿತ್ತು. ಬೆಸುಗೆ ಹಿಡಿಯಲಿಲ್ಲ. ಅವನಿಗೆ ಹೇಳಿದರೆ, "ಹಾಗಾದ್ರೆ ಅಂಥದ್ದೇ ಹುಡುಕು. ಪರರ ಕರುಳು ಬೇಡ ನನ್ನ ಕಾರಿಗೆ" ಅಂದ. ಎರಡು ವಾರ ಹಿಮದಲ್ಲಿ ಗುಜರಿ ಅಂಗಳಗಳನ್ನೆಲ್ಲ ತಿರುಗಿದೆ. ಸಿಗಲಿಲ್ಲ. ಸಿಕ್ಕಿದ್ದು ಗುದ್ದಿಕೊಂಡು ಬಿದ್ದಿದ್ದ ಎಪ್ಪತ್ತೆರಡರ ಕಾರಿನ ಮೂರು ಗೇರಿನದು. ಹೊಟ್ಟೆ ಬಿಚ್ಚಿ ನೋಡಿದರೆ ಒಳಗೆಲ್ಲ ಹೊಸದರ ಹಾಗಿತ್ತು. ನನಗೆ ಆಸೆ ಹುಟ್ಟಿತು. ಹಾಕಿ ಓಡಿಸಿ ತೋರಿಸಿದರೆ ಅಣ್ಣ ಬೈದು ಸುಮ್ಮನಾಗುತ್ತಾನೆ ಅಂದುಕೊಂಡೆ.

ಎಲ್ಲವನ್ನೂ ಹೊಂದಿಸಿದೆ. ದಂಡ ಕತ್ತರಿಸಿ ಕೂಡಿಸಿದೆ, ಅಡ್ಡತೊಲೆ ಬೆಸೆದೆ, ಸ್ಟೀರಿಂಗಿನ ಲಿವರಿನಿಂದ ಕೆಳಗೆ ಹೋಗುವ ಕಡ್ಡಿಯನ್ನು ಕೂದಲೆಳೆಯಷ್ಟೂ ತಪ್ಪದ ಹಾಗೆ ಜೋಡಿಸಿದೆ. ಆ ಕೆಲಸದ ಬಗ್ಗೆ ನನಗೆ ಹೆಮ್ಮೆಯಿತ್ತು ಮಗಳೇ. ಪಟ್ಟಿ ಒಂದು ಉಳಿದಿತ್ತು. ಹೊಸ ಗೇರ್‌ಬಾಕ್ಸಿನಲ್ಲಿ ಪಾರ್ಕ್ ಆದ ಮೇಲಿನ ಮನೆ ರಿವರ್ಸು, ಹಳೆಯ ಪಟ್ಟಿಯಲ್ಲಿ ಪಿ ಆದ ಮೇಲಿನ ಅಕ್ಷರ ಎನ್. ಹೊಸ ಪಟ್ಟಿ ಕಳಿಸಲು ಅಂಗಡಿಗೆ ಬರೆದಿದ್ದೆ, ಸೋಮವಾರ ಬರುವುದಿತ್ತು.

ಶನಿವಾರ ಸಂಜೆ ಕಾರು ತಂದು ಅವರ ಮನೆಯ ಮುಂದೆ, ಬೆನ್ನು ಗ್ಯಾರೇಜಿನ ಕಡೆ ಬರುವ ಹಾಗೆ ನಿಲ್ಲಿಸಿದೆ. ಇಬ್ಬರೂ ಯಾರದೋ ಮದುವೆಗೆ ಹೋಗಿದ್ದರು. ಬೀಗದ ಕೈಯನ್ನು ಅವರ ಅಂಚೆ ಪೆಟ್ಟಿಗೆಯಲ್ಲಿ ಹಾಕಿದೆ. ಒಂದು ಚೀಟಿ ಬರೆದಿಡಬಹುದಿತ್ತು. ಬರೆಯಲಿಲ್ಲ. ಮಾತು ಮೀರಿ ಪರರದ್ದನ್ನು ಹಾಕಿದ್ದೇನೆ ಅಂತ ಚೀಟಿಯಲ್ಲಿ ಹೇಳುವುದು ಹೇಗೆ, ಬೆಳಿಗ್ಗೆ ಚರ್ಚಿನ ಪೂಜೆಗೆ ಮುಂಚೆ ಹೋಗಿ ಎದುರಿಗೇ ಹೇಳುತ್ತೇನೆ ಅಂದುಕೊಂಡೆ. ಬೆಳಿಗ್ಗೆ ಎದ್ದೆ, ಬಟ್ಟೆ ಹಾಕಿಕೊಂಡೆ. ಬೈಸಿಕೊಳ್ಳುವುದನ್ನು ಹತ್ತು ನಿಮಿಷ ಮುಂದೂಡಲು ಇನ್ನೊಂದು ಲೋಟ ಕಾಫಿ ಕುಡಿದೆ. ಅಷ್ಟೇ. ಆ ಲೋಟ ಕಾಫಿ.

ಚಳಿಯ ಬೆಳಿಗ್ಗೆ ನಿನ್ನಪ್ಪ ಏನು ಮಾಡುತ್ತಿದ್ದ ಅಂತ ನಿನಗೆ ಗೊತ್ತು. ನಾವು ಕಾರ್ಖಾನೆಯವರೆಲ್ಲ ಮಾಡುತ್ತಿದ್ದದ್ದೇ. ಪಾರ್ಕಿನಲ್ಲಿ ಬಿಡದೆ ನ್ಯೂಟ್ರಲ್‌ಗೆ ಎಳೆದು ಮೂರು ನಿಮಿಷ ಎಣ್ಣೆ ಬೆಚ್ಚಗಾಗಲು ಬಿಡುವುದು, ನಡುವೆ ಒಂದು ಸಲ ಎಕ್ಸಲರೇಟರ್ ಒತ್ತುವುದು. ನಿನ್ನಮ್ಮ, ನನ್ನ ಐರೀನ್ ಅತ್ತಿಗೆ, ಚರ್ಚಿನ ಊಟಕ್ಕೆ ಮಾಡಿದ್ದ ಎಲೆಕೋಸಿನ ಸುರುಳಿಯ ತಟ್ಟೆಗಳನ್ನು ಡಿಕ್ಕಿಯಲ್ಲಿ ಇಡುತ್ತಿದ್ದರು. ಅವನು ಒಂದು ಮನೆ ಎಳೆದ. ಮುಳ್ಳು ಎನ್ ಮೇಲೆ ಕೂತಿತು, ಗೇರ್‌ಬಾಕ್ಸ್ ರಿವರ್ಸಿಗೆ ಬಿತ್ತು. ನಿನ್ನಪ್ಪ ಕಂಡದ್ದನ್ನೇ ಹೇಳಿದ.

ನಾನು ಬೀದಿಯ ತಿರುವಿಗೆ ಬಂದಾಗ ಪಕ್ಕದ ಮನೆಯವನು ಲಿವರ್ ತಳ್ಳಿ ಕಾರನ್ನು ಮುಂದಕ್ಕೆ ತೆಗೆದಾಗಿತ್ತು. ಕಾರನ್ನು ನನ್ನ ಶೆಡ್ಡಿನಲ್ಲಿ ಇಡುತ್ತೇನೆ ಅಂತ ಪೊಲೀಸರಿಗೆ ನಾನೇ ಹೇಳಿದೆ. ಹೂಂ ಅಂದರು. ಸೋಮವಾರ ಅಂಚೆಯಲ್ಲಿ ಪಟ್ಟಿ ಬಂತು. ನಾಲ್ಕು ತಿರುಪಿನ ಕೆಲಸ. ಬುಧವಾರ ಪೊಲೀಸಿನವನು ಬಂದು ಲಿವರನ್ನು ಎಳೆದೂ ಎಳೆದೂ ನೋಡಿದ. "ಗೇರ್‌ಬಾಕ್ಸ್ ಸರಿಯಿದ್ಯಾ?" ಅಂತ ಕೇಳಿದ. "ಸರಿಯಿದೆ ಸಾರ್" ಅಂದೆ. ಗೇರ್‌ಬಾಕ್ಸ್ ಸರಿಯಾಗಿಯೇ ಇತ್ತು. "ನಿಮ್ಮಣ್ಣಂಗೆ ವಯಸ್ಸೆಷ್ಟು?" ಅಂದ. ಹೇಳಿದೆ. ತಲೆಯಾಡಿಸಿ ಬರೆದುಕೊಂಡು ಹೋದ.

ಆಮೇಲೆ ನಿನ್ನಪ್ಪ ನನ್ನನ್ನು ಕೇಳಿದ: "ಕ್ಲೆಮ್, ನಂಗೆ ಎನ್ ಕಾಣ್ಸಿತ್ತು ಕಣೋ. ನಿಂಗೇನನ್ಸತ್ತೆ?" ವಯಸ್ಸಾಯಿತಲ್ಲ ಅಣ್ಣ, ಕಣ್ಣು ತಪ್ಪಿರಬಹುದು ಅಂದೆ.

ಕ್ಷಮೆ ಕೇಳಲು ಬರೆದದ್ದಲ್ಲ. ನೀನು ಕೇಳಿದ್ದಕ್ಕೆ ಉತ್ತರ ಇದು.

ಕ್ಲೆಮೆಂಟ್

*

ಒಮಾಹಾ
18 ಮಾರ್ಚ್ 2004

ಕ್ಲೆಮೆಂಟ್ ಅವರಿಗೆ,

ನಾನು ಟೊಲೀಡೊಕ್ಕೆ ಬಂದು ಮೂರು ದಿನ ಇದ್ದೆ. ನಿಮ್ಮ ಬೀದಿಗೆ ಬರಲಿಲ್ಲ.

ಅಪ್ಪ ನನ್ನನ್ನು ನೋಡಿ ಮೊದಲು ದಾದಿ ಅಂದುಕೊಂಡ. ಗುರುತು ಸಿಕ್ಕ ಮೇಲೆ ಕೋಟಿನ ಗುಂಡಿ ಹಾಕಿಕೊಳ್ಳಲು ಹೊರಟ, ನಾನು ಎಲ್ಲಿಗೋ ಕರೆದುಕೊಂಡು ಹೋಗಲು ಬಂದಿದ್ದೇನೆ ಅನ್ನುವ ಹಾಗೆ. ಎರಡನೆಯ ದಿನ ಹೇಳಿದೆ.

"ಅಪ್ಪ, ನೀನು ಸುಳ್ಳು ಹೇಳಿರ್ಲಿಲ್ಲ. ಮುಳ್ಳು ಎನ್ ಮೇಲೇ ಇತ್ತು."

"ಸುಳ್ಳೇ ಹೇಳಿದ್ದೆ ಕಣೆ. ಫಾದರ್ ಹತ್ರ ಒಪ್ಕೊಂಡಾಯ್ತು, ಬಿಡು."

"ಏನಂತ ಒಪ್ಕೊಂಡೆ?"

"ಆರ್ ಕಂಡಿತ್ತು, ಎನ್ ಅಂದೆ ಅಂತ."

"ಆರ್ ಕಂಡಿತ್ತಾ ನಿಂಗೆ?"

"ಕಂಡಿರ್ಲೇಬೇಕಲ್ಲ. ಎಲ್ರೂ ಹಾಗೇ ಅಂದ್ರು. ಕ್ಲೆಮ್ ಕೂಡ ಅಂದ."

ಪ್ರತಿ ತಿಂಗಳ ಮೊದಲ ಶುಕ್ರವಾರ ಫಾದರ್ ಮುಂದೆ ಅದೇ ಪಾಪವನ್ನು ಒಪ್ಪಿಕೊಳ್ಳುತ್ತಾನಂತೆ. ಎಂಟು ವರ್ಷದಿಂದ. ಒಮ್ಮೆ ಹೇಳಿದರೆ ಸಾಕು ಅಂತ ಫಾದರ್ ಹೇಳಿದರೂ ಕೇಳುವುದಿಲ್ಲವಂತೆ. ನಿಮ್ಮ ಕಾಗದವನ್ನು ಓದಿ ಹೇಳಿದೆ. ಕೊನೆಯವರೆಗೂ ಕೇಳಿದ. ಆಮೇಲೆ, "ಯಾರು ಬರ್ದಿದ್ದು ಇದು? ಕ್ಲೆಮ್ ಹಾಗೆ ಮಾಡೋನಲ್ಲ. ಪಾಪ, ಅವನ ಮೇಲೆ ಯಾಕೆ ಹಾಕ್ತೀರಾ" ಅಂತ ಸಿಟ್ಟಾದ. ನನ್ನ ಕೈಯಿಂದ ಕಾಗದ ಕಿತ್ತುಕೊಂಡು ದಿಂಬಿನ ಕೆಳಗೆ ಹಾಕಿ ಅದರ ಮೇಲೆ ಒರಗಿಕೊಂಡ.

ಡಾಕ್ಟರು ಹೇಳಿದರು, ಬೇಸಿಗೆಯ ಹೊತ್ತಿಗೆ ನನ್ನ ಗುರುತೂ ಸಿಗಲಾರದು ಅಂತ. ಅವನು ಈ ಸುಳ್ಳು ತನ್ನದು ಅಂದುಕೊಂಡೇ ಸಾಯಬಾರದು. ನೀವೇ ಹೋಗಿ ಹೇಳಿ. ನಿಮ್ಮ ಬಾಯಿಂದ.

ಕ್ಯಾನ್ಸಸ್‌ನಲ್ಲಿ ಬೀಡು ಕಬ್ಬಿಣದ ಎರಡು ಗೇರಿನದು ಸಿಕ್ಕಿದೆ. ಏಪ್ರಿಲ್ ಹತ್ತೊಂಬತ್ತಕ್ಕೆ ಬ್ರಾಂಟ್ ಅದನ್ನು ಹಾಕುತ್ತಾನೆ. ನೀವು ಹಾಕಿದ್ದು ಗುಜರಿಗೆ ಹೋಗುತ್ತದೆ.

ಮಾರ್ಸೆಲ್ಲಾ

*

ಟೊಲೀಡೊ
5 ಏಪ್ರಿಲ್ 2004

ಮಾರ್ಸೆಲ್ಲಾ,

ನಿನ್ನೆ ಗರಿಗಳ ಭಾನುವಾರ. ಚರ್ಚಿನಲ್ಲಿ ಕೊಟ್ಟ ತಾಳೆಗರಿ ಹಿಡಿದುಕೊಂಡೇ ನೇರ ಅವನ ಹತ್ತಿರ ಹೋದೆ. ಕಿಟಕಿಯ ಪಕ್ಕ ಕೂರಿಸಿದ್ದರು. ಒಳ್ಳೆಯ ದಿನ, ತಲೆ ತಿಳಿಯಾಗಿದೆ ಅಂತ ದಾದಿ ಹೇಳಿದಳು. ಕುರ್ಚಿ ಎಳೆದುಕೊಂಡು ಅವನ ಎದುರು ಕೂತೆ. ಗೇರ್‌ಬಾಕ್ಸಿನಿಂದ ಹಿಡಿದು ನಾಲ್ಕು ತಿರುಪಿನವರೆಗೆ ಎಲ್ಲ ಹೇಳಿದೆ. "ಅಣ್ಣಾ, ನೀನು ನೋಡಿದ್ದು ಎನ್ನೇ. ಮೋಸ ಮಾಡಿದ್ದು ನಾನು" ಅಂದೆ.

ಅವನು ಕೇಳಿದ್ದು ಇಷ್ಟೇ:

"ಮಾರ್ಸೆಲ್ಲಾ ಕಳ್ಸಿದ್ಲಾ?"

"ಹೂಂ, ಕಳ್ಸಿದ್ಲು. ಆದ್ರೆ ಹೇಳಿದ್ದು ನಿಜಾನೇ."

"ಒಳ್ಳೇ ಹುಡುಗಿ. ನೀನೂ ಒಳ್ಳೆಯೋನೇ ಕಣೋ. ಚಿಕ್ಕೋರಿದ್ದಾಗ ನಮ್ಮಪ್ಪ ಬೆಲ್ಟ್ ತೆಗ್ದಾಗೆಲ್ಲ 'ನಾನೇ ಮಾಡಿದ್ದು' ಅಂತ ನೀನು ಮುಂದೆ ಬರ್ತಿದ್ದೆ. ನನ್ನ ಏಟು ಎಷ್ಟು ತಿಂದಿದೀಯೋ ನೀನು."

"ಅದಲ್ಲಣ್ಣ ಇದು. ದೇವರಾಣೆ."

"ಥೂ, ಕೈಯಲ್ಲಿ ಗರಿ ಹಿಡ್ಕೊಂಡು ಸುಳ್ಳು ಆಣೆ ಹಾಕ್ತೀಯಲ್ಲ. ಬೇಡ ಕ್ಲೆಮ್. ಇದು ನಂದು. ನಂಗೇ ಇರ್ಲಿ."

ನನ್ನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು ಸವರಿದ. ಥ್ಯಾಂಕ್ಸ್ ಅಂದ ಮಾರ್ಸೆಲ್ಲಾ. ನನಗೆ.

ಇವತ್ತು ಬೆಳಿಗ್ಗೆ ಪೊಲೀಸ್ ಠಾಣೆಗೂ ಹೋಗಿ ಎಲ್ಲ ಬರೆದುಕೊಟ್ಟೆ. ಮೇಜಿನ ಹಿಂದಿನ ಹುಡುಗ ಎರಡು ಸಲ ಓದಿದ. ಅವಧಿ ಮುಗಿದ ವಿಷಯ, ಕಡತದ ಜೊತೆ ಇಡುತ್ತೇವೆ ಅಂದ. "ಮನೆಗೆ ಹೋಗಿ ತಾತ, ಹಿಮ ಬರೋ ಹಾಗಿದೆ" ಅಂದ. ಶಿಕ್ಷೆ ಕೊಡುವವರು ಯಾರೂ ಇಲ್ಲ ಅಂತ ಆಯಿತು.

ಈಗ ನಾನು ಬರೆಯುವುದು ನಿನಗೆ ಅಸಹ್ಯ ಅನ್ನಿಸಬಹುದು. ಆದರೂ ಓದು. ಫ್ಲೋರಿಯನ್ ಯಾರ ಮಾತನ್ನೂ ನಂಬುವುದಿಲ್ಲ, ನನ್ನದನ್ನಂತೂ ಇಲ್ಲವೇ ಇಲ್ಲ. ನಂಬಿದರೆ ತನ್ನ ಕೈಯನ್ನು ನಂಬಿಯಾನು. ಅವನು ನಲವತ್ತು ವರ್ಷ ಗೇರ್‌ಬಾಕ್ಸ್ ಕಟ್ಟಿದವನು.

ಹತ್ತೊಂಬತ್ತರ ಕೆಲಸ ನಿಲ್ಲಿಸು. ನಾನು ಹಾಕಿದ ಗೇರ್‌ಬಾಕ್ಸ್ ಕಾರಿನಲ್ಲೇ ಇರಲಿ. ಹಳೆಯ ಪಟ್ಟಿಯನ್ನು ನಾನು ಎಸೆದಿರಲಿಲ್ಲ. ಎಸೆಯುವ ಧೈರ್ಯವೂ ಇರಲಿಲ್ಲ. ಅದನ್ನು ಈ ಕಾಗದದ ಜೊತೆ ಬಟ್ಟೆಯಲ್ಲಿ ಸುತ್ತಿ ಕಳಿಸಿದ್ದೇನೆ. ಬ್ರಾಂಟ್ ನನ್ನ ಪಟ್ಟಿ ಕಿತ್ತು ಇದನ್ನು ಹಾಕಲಿ. ಆ ಬೆಳಿಗ್ಗೆ ಹೇಗಿತ್ತೋ ಹಾಗೆ. ಎರಡು ಗೇರಿನದು ಈ ಕಾರಿಗೆ ಎಷ್ಟು ಹೊಂದಿದರೂ ಈಗ ನಿನ್ನಪ್ಪನಿಗೆ ಬೇಕಾದದ್ದು ಈ ಹೊಂದದಿರುವುದೇ. ಎಣ್ಣೆ ತುಂಬಿದರೆ ಐದು ನಿಮಿಷ ತಡೆಯುತ್ತದೆ, ಅಷ್ಟು ಸಾಕು.

ಕಾರನ್ನು ಲಾರಿ ಮೇಲೆ ಇಲ್ಲಿಗೆ ತಾ. ವೃದ್ಧರ ಮನೆಯ ಹಿಂದಿನ ಅಂಗಳದಲ್ಲಿ ನಿಲ್ಲಿಸೋಣ. ಹಿಂದಿನ ಚಕ್ರಗಳು ನೆಲದಿಂದ ಮೇಲೇಳುವ ಹಾಗೆ ಕಬ್ಬಿಣದ ಕುದುರೆಗಳ ಮೇಲೆ ನಾನೇ ಕೂರಿಸುತ್ತೇನೆ. ಬ್ರಾಂಟ್ ಬಂದು ಪರೀಕ್ಷಿಸಿದರೆ ಇನ್ನೂ ಒಳ್ಳೆಯದು, ನನ್ನ ಕೆಲಸವನ್ನು ನೀನು ನಂಬಬೇಕಾಗಿಲ್ಲ. ಕಾರಿನ ಹಿಂದೆ ಯಾರೂ ನಿಲ್ಲಬಾರದು. ಫ್ಲೋರಿಯನ್‌ನನ್ನು ಸ್ಟೀರಿಂಗಿನ ಹಿಂದೆ ಕೂರಿಸು, ನೀನು ಪಕ್ಕದಲ್ಲಿ ಕೂರು. ಒಂದು ಮನೆ ಎಳೆಯಲಿ. ಮುಳ್ಳು ಎಲ್ಲಿ ಕೂತಿತು ಅಂತ ನೋಡಲಿ, ಆಮೇಲೆ ಬಾಗಿಲಿನಿಂದ ಬಗ್ಗಿ ಚಕ್ರ ಯಾವ ಕಡೆ ತಿರುಗುತ್ತಿದೆ ಅಂತ ನೋಡಲಿ.

ನೋಡಿದ ಮೇಲೆ ಅವನಿಗೆ ತಮ್ಮ ಇರುವುದಿಲ್ಲ. ನನಗೆ ಗೊತ್ತು. ಅವನು ಇಳಿದಾಗ ನಾನು ಎದುರಿಗೇ ನಿಂತಿರುತ್ತೇನೆ.

ಮೊನ್ನೆ ಶುಕ್ರವಾರ ಅವನು ಮತ್ತೆ ಫಾದರ್ ಮುಂದೆ ಕೂತು ಅದನ್ನೇ ಹೇಳಿದನಂತೆ. ಮುಂದಿನದು ಮೇ ಏಳಕ್ಕೆ. ಅದಕ್ಕೆ ಮುಂಚೆ ಆಗಬೇಕು. ನನಗೆ ಒಂದು ಸಾಲೂ ಬರೆಯಲು ಮನಸ್ಸಿಲ್ಲದಿದ್ದರೆ ದಿನಾಂಕ ಮಾತ್ರ ಬರೆದು ಕಳಿಸು. ಬೇಗ ಕಳಿಸು.

ಕ್ಲೆಮೆಂಟ್